ಬ್ಯಾಕ್ಟೀರಿಯಗಳ ಕೀಮೊಟ್ಯಾಕ್ಸಿಸ್ ಗ್ರಾಹಕಗಳ ರಚನೆ

ಸುತ್ತಲಿನ ರಾಸಾಯನಿಕಗಳ ಸಾಂದ್ರತೆಗೆ ತಕ್ಕಂತೆ ಜೀವಕೋಶವೊಂದು ತನ್ನ ಚಲನೆಯನ್ನು ಬದಲಾಯಿಸಿಕೊಳ್ಳುವುದಕ್ಕೆ ಕೀಮೊಟ್ಯಾಕ್ಸಿಸ್ ಎಂದು ಹೆಸರು. ಬ್ಯಾಕ್ಟೀರಿಯಗಳಲ್ಲಿ ಈ ಕೆಲಸದ ಮೊದಲ ಹೆಜ್ಜೆಯನ್ನು ನಿರ್ವಹಿಸುವವು ಕೋಶಪೊರೆಯಲ್ಲಿ ನೆಟ್ಟುಕೊಂಡಿರುವ ಗ್ರಾಹಕ ಪ್ರೋಟೀನುಗಳು. ಮನುಷ್ಯನ ಕರುಳಿನ ನಿವಾಸಿ ಎಷೆರಿಕಿಯ ಕೋಲೈ ಮತ್ತು ಅದರ ಬಂಧು ಸಾಲ್ಮೊನೆಲ್ಲಗಳಲ್ಲಿ ಇವುಗಳ ಅಧ್ಯಯನ ಎಲ್ಲಕ್ಕಿಂತ ಆಳವಾಗಿ ನಡೆದಿದೆ. ಸುಮಾರು 2 ಮೈಕ್ರೊಮೀಟರ್ ಉದ್ದದ ಈ. ಕೋಲೈ ತನ್ನ ಕಶಾಂಗಗಳನ್ನು ಅಪ್ರದಕ್ಷಿಣವಾಗಿ ತಿರುಗಿಸಿದಾಗ ಅವು ಒಂದು ಕಟ್ಟಾಗಿ ಕೂಡಿಕೊಂಡು ಕೋಶ ನೇರವಾಗಿ ಓಡುತ್ತದೆ. ಪ್ರದಕ್ಷಿಣವಾಗಿ ತಿರುಗಿಸಿದಾಗ ಕಟ್ಟು ಬಿಚ್ಚಿಕೊಂಡು ಕೋಶ ನಿಂತಲ್ಲೇ ಹೊರಳಿ ಹೊಸ ದಿಕ್ಕಿಗೆ ಮುಖ ಮಾಡುತ್ತದೆ. ಹೊವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ 1972ರಲ್ಲಿ ಒಂದೊಂದೇ ಕೋಶವನ್ನು ಬೆನ್ನಟ್ಟುವ ಸೂಕ್ಷ್ಮದರ್ಶಕ ಕಟ್ಟಿ, ಓಟ ಸುಮಾರು 1 ಸೆಕೆಂಡು, ಹೊರಳಾಟ ಅದರ ಹತ್ತನೇ ಒಂದು ಭಾಗ ಎಂದು ಅಳೆದರು. ಹಿತವಾದ ವಸ್ತು ಹೆಚ್ಚುತ್ತಿದ್ದರೆ ಹೊರಳಾಟ ಮುಂದೂಡಲ್ಪಡುತ್ತದೆ, ಓಟ ಉದ್ದವಾಗುತ್ತದೆ. ಅದೇ ವರ್ಷ ರಾಬರ್ಟ್ ಮ್ಯಾಕ್‌ನ್ಯಾಬ್ ಮತ್ತು ಡೇನಿಯಲ್ ಕೋಶ್‌ಲಂಡ್ ಕೋಶಗಳನ್ನು ಥಟ್ಟನೆ ಬೇರೆ ಸಾಂದ್ರತೆಯ ದ್ರಾವಣಕ್ಕೆ ಬೆರೆಸಿ ನೋಡಿದಾಗ ಇನ್ನೊಂದು ಸಂಗತಿ ಗಟ್ಟಿಯಾಯಿತು. ಬ್ಯಾಕ್ಟೀರಿಯ ತನ್ನ ತಲೆಯ ಕಡೆಗೂ ಬಾಲದ ಕಡೆಗೂ ಇರುವ ಸಾಂದ್ರತೆಗಳನ್ನು ಹೋಲಿಸುವುದಿಲ್ಲ. ಈಗಿನದನ್ನು ಸ್ವಲ್ಪ ಹೊತ್ತಿನ ಹಿಂದಿನದರೊಂದಿಗೆ ಹೋಲಿಸುತ್ತದೆ. ಕಳೆದ ಒಂದು ಸೆಕೆಂಡಿನ ಅನುಭವವನ್ನು ಅದಕ್ಕೂ ಹಿಂದಿನ ಮೂರು ಸೆಕೆಂಡುಗಳ ಅನುಭವದೊಂದಿಗೆ ಅದು ತೂಗುತ್ತದೆ ಎಂಬುದನ್ನು 1986ರಲ್ಲಿ ಸೀಗಲ್, ಬ್ಲಾಕ್ ಮತ್ತು ಬರ್ಗ್ ತೋರಿಸಿದರು.

ಇಷ್ಟನ್ನು ಒಪ್ಪಿಕೊಂಡ ಕೂಡಲೇ ಗ್ರಾಹಕದ ಮೇಲೆ ಬೀಳುವ ಹೊರೆ ಎಷ್ಟೆಂಬುದು ಕಾಣುತ್ತದೆ. ಅದು ಅತ್ಯಲ್ಪ ಏರಿಳಿತವನ್ನು ಗುರುತಿಸಬೇಕು. ಹಿನ್ನೆಲೆಯ ಸಾಂದ್ರತೆ ಲಕ್ಷ ಪಟ್ಟು ಬದಲಾದರೂ ಆ ಸೂಕ್ಷ್ಮತೆ ಕುಂದಬಾರದು. ಕೆಲವು ಸೆಕೆಂಡುಗಳ ನೆನಪನ್ನೂ ಇಟ್ಟುಕೊಳ್ಳಬೇಕು. ಗ್ರಾಹಕವೆಂದರೆ ಬೀಗ, ರಾಸಾಯನಿಕವೆಂದರೆ ಕೀಲಿ ಎಂಬ ಪಠ್ಯಪುಸ್ತಕದ ಚಿತ್ರ ಈ ಮೂರರಲ್ಲಿ ಒಂದನ್ನೂ ವಿವರಿಸಲಾರದು. ಕೀಲಿ ಹೊಕ್ಕರೆ ತೆರೆದ ಸ್ಥಿತಿ, ಇಲ್ಲದಿದ್ದರೆ ಮುಚ್ಚಿದ ಸ್ಥಿತಿ ಎಂಬಷ್ಟೇ ಆಗಿದ್ದರೆ ಸಾಂದ್ರತೆ ಒಂದು ಮಟ್ಟ ದಾಟಿದ ಮೇಲೆ ಕೋಶ ಕುರುಡಾಗಬೇಕಿತ್ತು. ಅರ್ಧ ಶತಮಾನದ ರಚನಾ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ಬೇರೆಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಕೀಮೊಟ್ಯಾಕ್ಸಿಸ್ ಗ್ರಾಹಕ ಎರಡು ತಟ್ಟೆಗಳ ತಕ್ಕಡಿ: ಹೊರಗಿನ ರಾಸಾಯನಿಕ ಒಂದು ತಟ್ಟೆಯನ್ನು ಎಳೆದರೆ, ಒಳಗಿನಿಂದ ಅಂಟಿಸುವ ಮೀಥೈಲ್ ಗುಂಪುಗಳು ಇನ್ನೊಂದನ್ನು ಎಳೆಯುತ್ತವೆ. ಅದರ ಅಸಾಧಾರಣ ಉದ್ದ, ಸುರುಳಿಗಳು ಹೆಣೆದುಕೊಂಡ ಬಗೆ, ಮೂರು ಮೂರರ ಗುಂಪುಗಾರಿಕೆ, ಷಟ್ಕೋನ ಜಾಲ ಇವೆಲ್ಲ ಆ ಸಮತೋಲಕ್ಕಾಗಿ ಒದಗಿದ ಅಂಗಗಳು. ಸಂಕೇತ ಸಾಗುವುದು ಪ್ರೋಟೀನಿನ ಯಾವುದೋ ಒಂದು ಭಾಗ ದೊಡ್ಡದಾಗಿ ಆಕಾರ ಬದಲಿಸುವುದರಿಂದಲ್ಲ. ಒಂದರ ಪಕ್ಕದಲ್ಲೊಂದು ಇರುವ ಭಾಗಗಳು ಸರದಿಯಂತೆ ಬಿಗಿಯಾಗುತ್ತ, ಸಡಿಲವಾಗುತ್ತ ಹೋಗುವುದರಿಂದ.

ಗ್ರಾಹಕ ಎಂಬುದು ಇದೆ ಎನ್ನುವುದೇ ಮೊದಲು ಸಾಬೀತಾಗಬೇಕಿತ್ತು. ಬ್ಯಾಕ್ಟೀರಿಯಗಳು ಮಾಂಸದ ಸಾರ ತುಂಬಿದ ಸಪೂರ ಗಾಜಿನ ನಳಿಗೆಯೊಳಕ್ಕೆ ಮುತ್ತುವುದನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಫೆಫರ್ 1880ರ ದಶಕದಲ್ಲೇ ವಿವರಿಸಿದ್ದ. ಆದರೆ ಅವು ವಸ್ತುವನ್ನು ಗುರುತಿಸಿ ಬರುತ್ತವೆಯೋ ಅಥವಾ ಅದನ್ನು ತಿಂದು ದಕ್ಕಿದ ಶಕ್ತಿಯನ್ನು ಅನುಸರಿಸಿ ಬರುತ್ತವೆಯೋ ಎಂಬುದು ಬಗೆಹರಿದಿರಲಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೂಲಿಯಸ್ ಆ್ಯಡ್ಲರ್ 1969ರಲ್ಲಿ ಕೊಟ್ಟ ಉತ್ತರ ಇಂದಿಗೂ ಮಾದರಿಯಾಗಿ ಉಳಿದಿದೆ. ಗ್ಯಾಲಕ್ಟೋಸನ್ನು ಜೀರ್ಣಿಸಿಕೊಳ್ಳಲಾರದ ತಳಿಗಳೂ ಗ್ಯಾಲಕ್ಟೋಸಿನ ಕಡೆಗೆ ಬಂದವು. ಕೋಶಕ್ಕೆ ಆಹಾರವಾಗದ, ಗ್ಯಾಲಕ್ಟೋಸನ್ನು ಹೋಲುವ ಫ್ಯೂಕೋಸಿಗೂ ಬಂದವು. ಚೆನ್ನಾಗಿ ದಕ್ಕುವ ಗ್ಲಿಸರಾಲ್ ಮಾತ್ರ ಅವುಗಳನ್ನು ಸೆಳೆಯಲಿಲ್ಲ. ಹಾಗಾದರೆ ವಸ್ತುವನ್ನೇ ಗುರುತಿಸುವ ಪ್ರೋಟೀನು ಇರಲೇಬೇಕು. 1975ರಲ್ಲಿ ಅದೇ ಪ್ರಯೋಗಾಲಯ ಪೊರೆಯ ಪ್ರೋಟೀನೊಂದಕ್ಕೆ ಮೀಥೈಲ್ ಗುಂಪು ಸೇರುವುದು ಈ ವರ್ತನೆಗೆ ಅಗತ್ಯ ಎಂದು ಕಂಡುಕೊಂಡಿತು. ಮೀಥೈಲ್ ಸ್ವೀಕರಿಸುವ ಆ ಪ್ರೋಟೀನುಗಳೇ ಗ್ರಾಹಕಗಳೆಂದು ಮುಂದೆ ತಿಳಿಯಿತು. 1983ರಲ್ಲಿ ಸೆರೀನ್ ಮತ್ತು ಆಸ್ಪಾರ್ಟೇಟ್ ಗ್ರಾಹಕಗಳ ಜೀನ್ ಅನುಕ್ರಮ ಪ್ರಕಟವಾದಾಗ ಇಡೀ ಕುಟುಂಬದ ಮುಖಚಹರೆ ಸ್ಪಷ್ಟವಾಯಿತು. ಈ. ಕೋಲೈಯಲ್ಲಿ ಇಂಥವು ಐದು. ಸೆರೀನನ್ನು ಗುರುತಿಸುವುದು ಟಿಎಸ್‌ಆರ್, ಆಸ್ಪಾರ್ಟೇಟ್ ಮತ್ತು ಮಾಲ್ಟೋಸಿಗೆ ಟಾರ್, ರೈಬೋಸ್ ಮತ್ತು ಗ್ಯಾಲಕ್ಟೋಸಿಗೆ ಟಿಆರ್‌ಜಿ, ಡೈಪೆಪ್ಟೈಡುಗಳಿಗೆ ಟ್ಯಾಪ್, ಆಮ್ಲಜನಕದ ಏರಿಳಿತಕ್ಕೆ ಏರ್. ಮೊದಲೆರಡರ ಸಂಖ್ಯೆ ಉಳಿದ ಮೂರಕ್ಕಿಂತ ಬಹಳ ಹೆಚ್ಚು.

ಟಾರ್ ಮತ್ತು ಟಿಎಸ್‌ಆರ್ ಎರಡೂ ಸುಮಾರು 550 ಅಮೈನೊ ಆಮ್ಲಗಳ ಸರಪಳಿಗಳು. ಎರಡು ಸರಪಳಿ ಸೇರಿ ಒಂದು ಜೋಡಿ. ಜೋಡಿಯಾಗದ ಗ್ರಾಹಕಕ್ಕೆ ಕೆಲಸವಿಲ್ಲ. ಪ್ರತಿ ಸರಪಳಿ ಪೊರೆಯನ್ನು ಎರಡು ಸಲ ದಾಟುತ್ತದೆ. ಎರಡು ದಾಟುಗಳ ನಡುವಿನ ಭಾಗ ಒಳಪೊರೆಯ ಹೊರಬದಿಗೆ ಚಾಚಿಕೊಂಡು ರಾಸಾಯನಿಕವನ್ನು ಹಿಡಿಯುತ್ತದೆ. ಎರಡನೇ ದಾಟಿನ ನಂತರದ ಭಾಗ ಕೋಶದೊಳಕ್ಕೆ ಉದ್ದನೆಯ ಕಡ್ಡಿಯಾಗಿ ಇಳಿಯುತ್ತದೆ. ಒಳಗಿನ ಕಡ್ಡಿಯೊಂದೇ ಸುಮಾರು 200 ಆಂಗ್‌ಸ್ಟ್ರಾಂ, ಅಂದರೆ 20 ನ್ಯಾನೊಮೀಟರ್; ಪೊರೆಯ ದಪ್ಪ ಇದರ ಕಾಲು ಭಾಗವೂ ಇಲ್ಲ. ಪೊರೆಯಲ್ಲಿ ಹುದುಗಿ ಕೂರುವ ಎಷ್ಟೋ ಗ್ರಾಹಕಗಳಿಗೆ ಹೋಲಿಸಿದರೆ ಇದು ವಿಚಿತ್ರ ಉದ್ದ. ಸಂಕೇತವನ್ನು ಬರೀ ದಾಟಿಸುವುದಷ್ಟೇ ಗುರಿಯಾಗಿದ್ದರೆ ಇಷ್ಟು ಪ್ರೋಟೀನನ್ನು ಸಾವಿರಾರು ಪ್ರತಿಗಳಲ್ಲಿ ತಯಾರಿಸುವ ವೆಚ್ಚಕ್ಕೆ ಅರ್ಥವಿರಲಿಲ್ಲ.

ಹೊರಭಾಗದ ರಚನೆ ಮೊದಲು ಕಣ್ಣಿಗೆ ಬಿದ್ದದ್ದು 1991ರಲ್ಲಿ. ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮಿಲ್‌ಬರ್ನ್, ಸುಂಗ್-ಹೋ ಕಿಮ್, ಕೋಶ್‌ಲಂಡ್ ಮತ್ತು ಸಂಗಡಿಗರು ಸಾಲ್ಮೊನೆಲ್ಲದ ಟಾರ್ ಗ್ರಾಹಕದ ಹೊರತುಂಡನ್ನು ಸ್ಫಟಿಕವಾಗಿಸಿ, ಆಸ್ಪಾರ್ಟೇಟ್ ಇದ್ದಾಗಲೂ ಇಲ್ಲದಿದ್ದಾಗಲೂ ಅದು ಹೇಗಿರುತ್ತದೆಂದು ಎಕ್ಸ್-ಕಿರಣಗಳಿಂದ ನೋಡಿದರು. ಪ್ರತಿ ಸರಪಳಿಯಲ್ಲಿ ನಾಲ್ಕು ಆಲ್ಫಾ ಸುರುಳಿಗಳು ಒತ್ತೊತ್ತಾಗಿ ನಿಂತಿವೆ. ಆಸ್ಪಾರ್ಟೇಟ್ ಕೂರುವ ಜಾಗ ಯಾವುದೇ ಒಂದು ಸರಪಳಿಯ ಒಳಗಿಲ್ಲ. ಅದು ಎರಡೂ ಸರಪಳಿಗಳು ಮುಖಾಮುಖಿಯಾಗುವ ಎಡೆಯಲ್ಲಿದೆ. ಒಂದು ಸರಪಳಿಯ 64ನೇ ಸ್ಥಾನದ ಆರ್ಜಿನಿನ್, ಎದುರು ಸರಪಳಿಯ 69 ಮತ್ತು 73ನೇ ಸ್ಥಾನದ ಆರ್ಜಿನಿನ್‌ಗಳು, ಇವು ಮೂರೂ ತಮ್ಮ ಧನ ಆವೇಶದಿಂದ ಆಸ್ಪಾರ್ಟೇಟಿನ ಋಣ ಆವೇಶದ ತುದಿಗಳನ್ನು ಹಿಡಿಯುತ್ತವೆ. ಇಂಥ ಎಡೆ ಎರಡು ಕಡೆ ಇದ್ದರೂ ಒಂದು ತುಂಬಿದರೆ ಇನ್ನೊಂದರ ಹಿಡಿತ ದುರ್ಬಲವಾಗುತ್ತದೆ. ಜೋಡಿಗೆ ಒಂದು ಅಣು ಸಾಕು. ಗಮನಿಸಬೇಕಾದ ಅಂಶವೆಂದರೆ, ಆಸ್ಪಾರ್ಟೇಟ್ ಬಂದರೂ ಹೋದರೂ ಪ್ರತಿಯೊಂದು ಸರಪಳಿಯ ಒಳಗಿನ ಆಕಾರ ಹೆಚ್ಚೇನೂ ಬದಲಾಗುವುದಿಲ್ಲ. ಹೊಸ ಬಾಗಿಲೇನೂ ತೆರೆಯುವುದಿಲ್ಲ, ಮಡಿಕೆ ಬಿಚ್ಚುವುದಿಲ್ಲ. ರಚನೆ ಕಂಡರೆ ರಹಸ್ಯ ಬಯಲಾಗುತ್ತದೆ ಎಂದು ನಂಬಿದ್ದವರಿಗೆ ಆ ಎರಡು ಚಿತ್ರಗಳ ನಡುವಿನ ಅಂತರ ತೀರಾ ಸಣ್ಣದಾಗಿ ಕಂಡಿರಬೇಕು.

ಆ ಸಣ್ಣ ಅಂತರವನ್ನು ಅಳೆದದ್ದು ಕೊಲರಾಡೊ ವಿಶ್ವವಿದ್ಯಾಲಯದ ಜೋಸೆಫ್ ಫಾಲ್ಕೆ ಅವರ ಗುಂಪು. ಸುರುಳಿಗಳ ಆಯ್ದ ಸ್ಥಾನಗಳಲ್ಲಿ ಸಿಸ್ಟೀನ್ ಇಟ್ಟು, ಯಾವ ಎರಡು ಸಿಸ್ಟೀನ್‌ಗಳು ಗಂಧಕದ ಸೇತುವೆಯಿಂದ ಬೆಸೆದುಕೊಳ್ಳುತ್ತವೆ, ಯಾವ ಬೆಸುಗೆ ಗ್ರಾಹಕವನ್ನು ಚಾಲೂ ಸ್ಥಿತಿಯಲ್ಲಿ ಅಥವಾ ಬಂದ್ ಸ್ಥಿತಿಯಲ್ಲಿ ಕಟ್ಟಿಹಾಕುತ್ತದೆ ಎಂದು ಅವರು ಒಂದೊಂದಾಗಿ ಪರೀಕ್ಷಿಸಿದರು. 1996ರ ಹೊತ್ತಿಗೆ ಚಿತ್ರ ನಿಚ್ಚಳವಾಯಿತು: ಆಸ್ಪಾರ್ಟೇಟ್ ಕೂತಾಗ ನಾಲ್ಕನೇ ಸುರುಳಿ ಮತ್ತು ಅದರ ಮುಂದುವರಿಕೆಯಾದ ಪೊರೆದಾಟು ಸುರುಳಿ ಕೋಶದೊಳಗಿನ ದಿಕ್ಕಿಗೆ 1ರಿಂದ 2 ಆಂಗ್‌ಸ್ಟ್ರಾಂ ಜಾರುತ್ತದೆ, ಜೊತೆಗೆ ಚೂರು ವಾಲುತ್ತದೆ. ಎರಡು ಇಂಗಾಲದ ಪರಮಾಣುಗಳ ನಡುವಿನ ಬಂಧದ ಉದ್ದವೇ ಸುಮಾರು 1.5 ಆಂಗ್‌ಸ್ಟ್ರಾಂ. ಪಿಸ್ಟನ್ ಮಾದರಿ ಎಂದು ಹೆಸರಾದ ಈ ವಿವರಣೆಗೆ ಮೈಕೆಲ್ ಮ್ಯಾನ್ಸನ್ ಅವರ ಗುಂಪಿನ ಕೆಲಸ ಇನ್ನೊಂದು ಕಡೆಯಿಂದ ಬಲ ಕೊಟ್ಟಿತು. ಟಾರ್‌ನ ಎರಡನೇ ಪೊರೆದಾಟು ಸುರುಳಿಯ ಒಳತುದಿಯಲ್ಲಿ ಪೊರೆಯ ಅಂಚನ್ನು ಹಿಡಿದು ನಿಲ್ಲುವ ಟ್ರಿಪ್ಟೋಫ್ಯಾನನ್ನು ಒಂದೆರಡು ಸ್ಥಾನ ಮೇಲೆ ಕೆಳಗೆ ಸರಿಸಿದರೆ ಗ್ರಾಹಕದ ಒಲವೂ ಅದಕ್ಕೆ ತಕ್ಕಂತೆ ಸರಿಯುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಪಿಸ್ಟನ್ ಎನ್ನುವುದೇ ಶುದ್ಧ ಯಾಂತ್ರಿಕ ಚಲನೆಯಲ್ಲವೇ? ಮೇಲಿಂದ ಒತ್ತಿದರೆ ಕೆಳಗಿನ ಕಡ್ಡಿ ಸರಿಯುತ್ತದೆ, ಅದರ ತುದಿಯಲ್ಲಿದ್ದು ಕಶಾಂಗಕ್ಕೆ ಹೊರಳಾಟದ ಸೂಚನೆ ಹೊರಡಿಸುವ ಕೈನೇಸ್ ಎಂಬ ಕಿಣ್ವ ನಿಲ್ಲುತ್ತದೆ ಎಂದರೆ ಸಾಲದೇ? ಪೊರೆಯನ್ನು ದಾಟುವವರೆಗೆ ಈ ವಾದ ಸರಿಯಾಗಿಯೇ ಇದೆ. ಅದರಾಚೆಗೆ ಹೊಂದುವುದಿಲ್ಲ. ಕೋಶದ ಉಷ್ಣತೆಯಲ್ಲಿ ಪ್ರೋಟೀನಿನ ಸುರುಳಿಗಳು ಸದಾ ನಡುಗುತ್ತ, ಬಳುಕುತ್ತ ಇರುತ್ತವೆ. 1 ಆಂಗ್‌ಸ್ಟ್ರಾಂ ಜಾರುವಿಕೆ 20 ನ್ಯಾನೊಮೀಟರ್ ದೂರದವರೆಗೆ ಮಾಸದೆ ಮುಟ್ಟಬೇಕಾದರೆ ಆ ಕಡ್ಡಿ ಉಕ್ಕಿನಂತೆ ಗಡುಸಾಗಿರಬೇಕು. ಆದರೆ ಪ್ರಯೋಗಗಳಲ್ಲಿ ಅದು ಹಾಗಿಲ್ಲ. ಅದರ ನಡುವೆ ಬಾಗಲು ಅನುವಾಗುವ ಗ್ಲೈಸಿನ್‌ಗಳ ಕೀಲೂ ಇದೆ. ಆದ್ದರಿಂದ ಪಿಸ್ಟನ್ ಸಂಕೇತದ ಮೊದಲ ಪದವಷ್ಟೇ. ಪೊರೆ ದಾಟಿದ ಕೂಡಲೇ ಅದು ಬೇರೆ ಬಗೆಯ ಸಂಕೇತವಾಗಿ ಮಾರ್ಪಡುತ್ತದೆ.

ಈ ಮಾರ್ಪಾಡು ನಡೆಯುವ ಜಾಗ ಪೊರೆಗೆ ತಾಗಿಕೊಂಡೇ ಇರುವ, ಸರಪಳಿಯೊಂದಕ್ಕೆ ಸುಮಾರು 50 ಅಮೈನೊ ಆಮ್ಲಗಳ ಹ್ಯಾಂಪ್ ಎಂಬ ಭಾಗ. ಇದು ಕೀಮೊಟ್ಯಾಕ್ಸಿಸ್ ಗ್ರಾಹಕಗಳಲ್ಲಷ್ಟೇ ಅಲ್ಲದೆ ಬ್ಯಾಕ್ಟೀರಿಯಗಳ ಇತರ ಸಂವೇದಕಗಳಲ್ಲೂ ವ್ಯಾಪಕವಾಗಿ ಸಿಗುತ್ತದೆ. ಬಹುಕಾಲ ರಚನೆ ಕೈಗೆ ಸಿಗದೆ ಸತಾಯಿಸಿದ ಹ್ಯಾಂಪ್‌ನ ಮೊದಲ ಚಿತ್ರವನ್ನು 2006ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಆಂದ್ರೇ ಲೂಪಾಸ್ ಅವರ ಗುಂಪು ಕೊಟ್ಟಿತು. ಅವರು ಬಳಸಿದ್ದು ಆರ್ಕಿಯೊಗ್ಲೋಬಸ್ ಎಂಬ ಆರ್ಕಿಯದ ಪ್ರೋಟೀನು. ನಾಲ್ಕು ಸಮಾಂತರ ಸುರುಳಿಗಳು ಅಲ್ಲಿ ಸಾಮಾನ್ಯಕ್ಕಿಂತ ಭಿನ್ನ ರೀತಿಯಲ್ಲಿ ಒತ್ತಿಕೊಂಡಿದ್ದವು. ಪ್ರತಿ ಸುರುಳಿ 26 ಡಿಗ್ರಿ ತಿರುಗಿದರೆ ಸಾಮಾನ್ಯ ಜೋಡಣೆ ಬರುತ್ತದೆ. ಸಂಕೇತವೆಂದರೆ ಈ ತಿರುಗುವಿಕೆಯೇ ಇರಬಹುದು ಎಂದು ಅವರು ವಾದಿಸಿದರು. ಹೀಗೆ ಒಂದೇ ಗ್ರಾಹಕಕ್ಕೆ ಜಾರುವ ಮಾದರಿ, ತಿರುಗುವ ಮಾದರಿ ಎಂದು ಪರಸ್ಪರ ಒಪ್ಪದ ವಿವರಣೆಗಳು ಹುಟ್ಟಿದವು. ಈ ಜಗಳವನ್ನು ಬೇರೊಂದು ನೆಲೆಗೆ ಒಯ್ದದ್ದು ಯೂಟಾ ವಿಶ್ವವಿದ್ಯಾಲಯದ ಜಾನ್ ಪಾರ್ಕಿನ್‌ಸನ್ ಅವರ ಪ್ರಯೋಗಾಲಯ. ಅವರು ಟಿಎಸ್‌ಆರ್‌ನ ಹ್ಯಾಂಪ್ ಭಾಗದ ಸ್ಥಾನಗಳನ್ನು ಒಂದೊಂದಾಗಿ ಬದಲಿಸಿ ಫಲಿತಾಂಶ ನೋಡಿದರು. ಒಂದು ನಿರ್ದಿಷ್ಟ ಚಲನೆಯೇ ಸಂಕೇತವಾಗಿದ್ದರೆ ಕೆಲವೇ ಆಯ್ದ ಬದಲಾವಣೆಗಳು ಅದನ್ನು ಅನುಕರಿಸಬೇಕಿತ್ತು. ಹಾಗಾಗಲಿಲ್ಲ. ಸುರುಳಿಗಳ ಒತ್ತುಜೋಡಣೆಯನ್ನು ಬಿಗಿಗೊಳಿಸಬಲ್ಲ ಬದಲಾವಣೆಗಳು ಒಂದು ಬಗೆಯ ವರ್ತನೆಯನ್ನೂ, ಸಡಿಲಗೊಳಿಸಬಲ್ಲವು ಅದಕ್ಕೆ ವಿರುದ್ಧವಾದ ವರ್ತನೆಯನ್ನೂ ತಂದವು. ಹ್ಯಾಂಪ್ ಎರಡು ಚಿತ್ರಗಳ ನಡುವೆ ಜಿಗಿಯುವುದಲ್ಲ, ಬಿಗಿತದ ಒಂದು ಶ್ರೇಣಿಯ ಉದ್ದಕ್ಕೂ ಸರಿಯುತ್ತದೆ ಎನ್ನುವ ಈ ನಿಲುವು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮರ್ಥವಾಗಿ ಕಾಣುತ್ತದೆ. ಜಾರುವಿಕೆ, ತಿರುಗುವಿಕೆ ಎರಡೂ ಆ ಬಿಗಿತವನ್ನು ಬದಲಿಸುವ ದಾರಿಗಳಾಗಬಹುದು. ಅವುಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ತಳ್ಳಿಹಾಕಬೇಕಾಗಿಲ್ಲ.

ಹ್ಯಾಂಪ್‌ನಿಂದ ಕೆಳಗೆ ಪ್ರತಿ ಸರಪಳಿ ಉದ್ದಕ್ಕೆ ಇಳಿದು, ತುದಿಯಲ್ಲಿ ಮಡಚಿಕೊಂಡು, ಮತ್ತೆ ಮೇಲಕ್ಕೆ ಬರುತ್ತದೆ. ಜೋಡಿಯಲ್ಲಿ ಹೀಗೆ ನಾಲ್ಕು ಸುರುಳಿಗಳ ಕಟ್ಟು ಏರ್ಪಡುತ್ತದೆ. ಟಿಎಸ್‌ಆರ್‌ನ ಈ ಭಾಗದ ಸ್ಫಟಿಕ ರಚನೆಯನ್ನು ಸುಂಗ್-ಹೋ ಕಿಮ್ ಅವರ ಗುಂಪು 1999ರಲ್ಲಿ ಪ್ರಕಟಿಸಿತು. ಕಟ್ಟಿನ ಮೇಲ್ಭಾಗದಲ್ಲಿ ಮೀಥೈಲ್ ಗುಂಪುಗಳು ಸೇರುವ ಜಾಗಗಳಿವೆ. ಟಾರ್‌ನಲ್ಲಿ ಅವು 295, 302, 309 ಮತ್ತು 491ನೇ ಸ್ಥಾನಗಳು. ಮೊದಲ ಮೂರು ಏಳೇಳರ ಅಂತರದಲ್ಲಿರುವುದು ಆಕಸ್ಮಿಕವಲ್ಲ. ಹೆಣೆದುಕೊಂಡ ಸುರುಳಿಯಲ್ಲಿ ಪ್ರತಿ ಏಳನೇ ಅಮೈನೊ ಆಮ್ಲ ಒಂದೇ ಮುಖಕ್ಕೆ ಬರುತ್ತದೆ. ಈ ಜಾಗಗಳಲ್ಲಿರುವುದು ಋಣ ಆವೇಶ ಹೊತ್ತ ಗ್ಲುಟಮೇಟ್. ಕೀ-ಆರ್ ಎಂಬ ಕಿಣ್ವ ಅದಕ್ಕೆ ಮೀಥೈಲ್ ಗುಂಪು ಅಂಟಿಸಿ ಆವೇಶವನ್ನು ಅಳಿಸುತ್ತದೆ. ಕೀ-ಬಿ ಎಂಬುದು ಅದನ್ನು ಕಿತ್ತು ಆವೇಶವನ್ನು ಮರಳಿಸುತ್ತದೆ. ಎರಡು ಸ್ಥಾನಗಳಲ್ಲಿ ಪ್ರೋಟೀನು ತಯಾರಾಗುವಾಗ ಆವೇಶವಿಲ್ಲದ ಗ್ಲುಟಮೀನ್ ಇರುತ್ತದೆ, ಅದನ್ನು ಗ್ಲುಟಮೇಟ್ ಆಗಿಸುವುದೂ ಕೀ-ಬಿಯೇ. ಋಣ ಆವೇಶಗಳು ಪಕ್ಕಪಕ್ಕದಲ್ಲಿದ್ದಾಗ ಸುರುಳಿಗಳು ಒಂದನ್ನೊಂದು ದೂಡುತ್ತವೆ, ಕಟ್ಟು ಸಡಿಲವಾಗುತ್ತದೆ. ಆವೇಶ ಅಳಿದರೆ ಕಟ್ಟು ಬಿಗಿಯುತ್ತದೆ. ಕಟ್ಟು ಬಿಗಿದಾಗ ಕೈನೇಸ್ ಕಿಣ್ವ ಚುರುಕಾಗುತ್ತದೆ. ಆಸ್ಪಾರ್ಟೇಟಿನ ಪರಿಣಾಮ ಸರಿಯಾಗಿ ಇದಕ್ಕೆ ಎದುರು: ಅದು ಹ್ಯಾಂಪನ್ನು ಬಿಗಿಗೊಳಿಸಿ, ಅದರ ಕೆಳಗಿನ ಮೀಥೈಲ್ ವಲಯವನ್ನು ಸಡಿಲಿಸಿ, ಕೈನೇಸನ್ನು ತಗ್ಗಿಸುತ್ತದೆ. ಫಾಲ್ಕೆ ಅವರ ಗುಂಪು 2009ರಲ್ಲಿ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಕುಳಿಗಳನ್ನು ಬೇಕೆಂದೇ ಕೆಡಿಸಿ ನೋಡಿ, ಮೀಥೈಲ್ ವಲಯದ ಬಿಗಿತವೂ ತುದಿಯ ಬಿಗಿತವೂ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ ಎಂದು ಕಂಡಿತು. ಮೇಲಿನದು ಗಟ್ಟಿಯಾದರೆ ತುದಿ ಮೆತ್ತಗಾಗಿ ಕೈನೇಸ್ ಚಾಲೂ. ತುದಿ ಗಟ್ಟಿಯಾದರೆ ಕೈನೇಸ್ ಬಂದ್.

ಕಡ್ಡಿಯ ಉದ್ದಕ್ಕೆ ಅರ್ಥ ಸಿಗುವುದು ಇಲ್ಲಿ. ಹೊರಗಿನ ಸುದ್ದಿ ಮತ್ತು ಒಳಗಿನ ತಿದ್ದುಪಡಿ ಎರಡೂ ಒಂದೇ ಕಟ್ಟಿನ ಮೇಲೆ ಬೇರೆ ಬೇರೆ ಎತ್ತರಗಳಲ್ಲಿ ಕೈಹಾಕಲು ಸ್ಥಳ ಬೇಕು. ಆಸ್ಪಾರ್ಟೇಟ್ ಏರಿದಾಗ ಕೈನೇಸ್ ಕೂಡಲೇ ಕುಗ್ಗುತ್ತದೆ. ಕೆಲವು ಸೆಕೆಂಡುಗಳಲ್ಲಿ ಮೀಥೈಲ್ ಗುಂಪುಗಳು ಹೆಚ್ಚಿ ಅದನ್ನು ಹಿಂದಿನ ಮಟ್ಟಕ್ಕೆ ಎತ್ತುತ್ತವೆ. ಕೀ-ಬಿಗೆ ಚುರುಕು ಬರುವುದು ಕೈನೇಸ್ ಕೊಡುವ ಫಾಸ್ಫೇಟಿನಿಂದಲೇ ಆದ್ದರಿಂದ ತಿದ್ದುಪಡಿ ಅತಿಯಾಗದಂತೆ ತಡೆಯೂ ಇದೆ. ಎಷ್ಟು ಮೀಥೈಲ್ ಗುಂಪುಗಳಿವೆ ಎಂಬುದೇ ಸ್ವಲ್ಪ ಹೊತ್ತಿನ ಹಿಂದೆ ಸಾಂದ್ರತೆ ಎಷ್ಟಿತ್ತು ಎಂಬುದರ ದಾಖಲೆ. ಗ್ರಾಹಕದ ನೆನಪು ಅದರ ಮೈಮೇಲೆಯೇ ಬರೆದಿದೆ. ಟಾರ್ ಮತ್ತು ಟಿಎಸ್‌ಆರ್‌ಗಳ ಕೊನೆಯಲ್ಲಿ ಐದು ಅಮೈನೊ ಆಮ್ಲಗಳ ಒಂದು ಪುಟ್ಟ ಬಾಲವಿದೆ, ಅದು ಕೀ-ಆರ್ ಕಿಣ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಟಿಆರ್‌ಜಿ ಮತ್ತು ಟ್ಯಾಪ್‌ಗಳಿಗೆ ಈ ಬಾಲವಿಲ್ಲ. ಪಕ್ಕದ ಟಾರ್ ಅಥವಾ ಟಿಎಸ್‌ಆರ್ ಹಿಡಿದ ಕಿಣ್ವವೇ ಅವುಗಳ ಕೆಲಸವನ್ನೂ ಮಾಡಿಕೊಡುತ್ತದೆ: ಹೀಗೆ ಹಿಡಿದ ಒಂದು ಕಿಣ್ವದ ಕೈ ಸುತ್ತಲಿನ ಐದರಿಂದ ಏಳು ಜೋಡಿಗಳಿಗೆ ಎಟುಕುತ್ತದೆ ಎಂದು ಹೇಝಲ್‌ಬಾವರ್ ಅವರ ಗುಂಪು ಲೆಕ್ಕ ಹಾಕಿದೆ. ನೆರೆಹೊರೆಯಿಲ್ಲದೆ ಈ ಗ್ರಾಹಕಗಳ ಬಾಳು ನಡೆಯದು ಎಂಬುದರ ಮೊದಲ ಸುಳಿವು ಇದು.

ಎರಡನೆಯ ಸುಳಿವು ಕಡ್ಡಿಯ ತುದಿಯಲ್ಲಿದೆ. ಇಡೀ ಕುಟುಂಬದಲ್ಲಿ ಅತಿ ಕಡಿಮೆ ಬದಲಾದ ಭಾಗ ಇದೇ. 1999ರ ಸ್ಫಟಿಕದಲ್ಲಿ ಮೂರು ಜೋಡಿಗಳು ತುದಿಗಳಲ್ಲಿ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಸ್ಫಟಿಕವಾಗುವಾಗ ಅಣುಗಳು ಹೇಗೋ ಒತ್ತರಿಸಿಕೊಂಡು ಕೂರುತ್ತವೆ, ಅದಕ್ಕೆ ಜೀವಂತ ಕೋಶದಲ್ಲಿ ಅರ್ಥವಿರಬೇಕಿಲ್ಲ ಎಂಬ ಸಂಶಯ ನ್ಯಾಯವಾದದ್ದೇ. ಇದನ್ನು ನಿವಾರಿಸಿದ್ದು ಪಾರ್ಕಿನ್‌ಸನ್ ಅವರ ಪ್ರಯೋಗಗಳು. ಮೂರು ಜೋಡಿಗಳು ಮುಟ್ಟಿಕೊಳ್ಳುವ ಸ್ಥಾನಗಳಲ್ಲಿ ಟಿಎಸ್‌ಆರ್ ಅನ್ನು ಕೆಡಿಸಿದಾಗ ಅದು ನಿಷ್ಕ್ರಿಯವಾಯಿತು. ಆದರೆ ಕೋಶದಲ್ಲಿ ಆರೋಗ್ಯವಂತ ಟಾರ್ ಕೂಡ ಇದ್ದರೆ ಫಲಿತಾಂಶ ಎರಡು ಬಗೆ: ಕೆಲವು ಕೆಟ್ಟ ಟಿಎಸ್‌ಆರ್‌ಗಳು ಟಾರ್ ಜೊತೆಯಲ್ಲಿ ಸುಧಾರಿಸಿ ಮತ್ತೆ ಸೆರೀನನ್ನು ಗುರುತಿಸತೊಡಗಿದವು, ಇನ್ನು ಕೆಲವು ಟಾರ್‌ನ ಕೆಲಸವನ್ನೂ ಕೆಡಿಸಿದವು. ಬೇರೆ ಬೇರೆ ರಾಸಾಯನಿಕ ಗುರುತಿಸುವ ಗ್ರಾಹಕಗಳು ಒಂದೇ ಮೂವರ ತಂಡದಲ್ಲಿದ್ದರೆ ಮಾತ್ರ ಹೀಗಾಗಲು ಸಾಧ್ಯ. 2002ರಲ್ಲಿ ಇದನ್ನು ಪ್ರಕಟಿಸಿದ ಮೇಲೆ ಎರಡೇ ವರ್ಷಗಳಲ್ಲಿ ನೇರ ಪುರಾವೆಯೂ ಬಂತು. ಮೂರು ತೋಳುಗಳಿರುವ, ಪ್ರತಿ ತೋಳಿನಿಂದಲೂ ಒಂದೊಂದು ಸಿಸ್ಟೀನನ್ನು ಕಚ್ಚಬಲ್ಲ ರಾಸಾಯನಿಕವೊಂದನ್ನು ಜೀವಂತ ಕೋಶಗಳಿಗೆ ಉಣಿಸಿದಾಗ, ಟಾರ್ ಮತ್ತು ಟಿಎಸ್‌ಆರ್ ಬೆರೆತ ಮೂರರ ಗುಂಪುಗಳು ಬೆಸೆದುಕೊಂಡು ಸಿಕ್ಕವು. ಸ್ಫಟಿಕದಲ್ಲಿ ಕಂಡದ್ದು ಕೋಶದಲ್ಲೂ ಇತ್ತು.

ಈ ಮೂರರ ಗುಂಪುಗಳನ್ನು ಜಾಲವಾಗಿ ಹೆಣೆಯುವುದು ಕೀ-ಎ ಎಂಬ ಕೈನೇಸ್ ಮತ್ತು ಕೀ-ಡಬ್ಲ್ಯು ಎಂಬ ಜೋಡಕ ಪ್ರೋಟೀನು. ಕೀ-ಎ ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಅದನ್ನು ಕೀ-ವೈ ಪ್ರೋಟೀನಿಗೆ ದಾಟಿಸುತ್ತದೆ. ಫಾಸ್ಫೇಟ್ ಹೊತ್ತ ಕೀ-ವೈ ಕಶಾಂಗದ ಮೋಟಾರಿಗೆ ಹೋಗಿ ತಗುಲಿದರೆ ಅದು ಪ್ರದಕ್ಷಿಣವಾಗಿ ತಿರುಗಿ ಹೊರಳಾಟವಾಗುತ್ತದೆ. ಗ್ರಾಹಕಗಳು ಕೋಶದ ತುದಿಗಳಲ್ಲಿ ಗುಂಪಾಗಿರುತ್ತವೆ ಎಂದು ಮ್ಯಾಡಕ್ ಮತ್ತು ಲೂಸಿ ಶಪೀರೊ 1993ರಲ್ಲೇ ತೋರಿಸಿದ್ದರು. ಆ ಗುಂಪಿನ ಒಳವಿನ್ಯಾಸ ಕಾಣಿಸಿದ್ದು ಕೋಶವನ್ನು ಥಟ್ಟನೆ ಹೆಪ್ಪುಗಟ್ಟಿಸಿ ಹಲವು ಕೋನಗಳಿಂದ ಚಿತ್ರ ತೆಗೆಯುವ ಎಲೆಕ್ಟ್ರಾನ್ ಟೊಮೊಗ್ರಫಿ. ಮೂರರ ಗುಂಪುಗಳು ಷಟ್ಕೋನಗಳ ಮೂಲೆಗಳಲ್ಲಿ ನಿಂತಿವೆ, ಒಂದು ಷಟ್ಕೋನದ ಕೇಂದ್ರದಿಂದ ಪಕ್ಕದ್ದರ ಕೇಂದ್ರಕ್ಕೆ 12 ನ್ಯಾನೊಮೀಟರ್. ಅವುಗಳ ತುದಿಗಳ ಕೆಳಗೆ ಕೀ-ಎಯ ಒಂದು ತುಂಡು ಮತ್ತು ಕೀ-ಡಬ್ಲ್ಯು ಸರದಿಯಂತೆ ಕೂತು ಉಂಗುರಗಳನ್ನು ರಚಿಸುತ್ತವೆ ಎಂದು 2012ರಲ್ಲಿ ಎರಡು ಗುಂಪುಗಳು ಪ್ರತ್ಯೇಕವಾಗಿ ವರದಿ ಮಾಡಿದವು. ಇದರ ಅತಿ ಚಿಕ್ಕ ಘಟಕದಲ್ಲಿ ಮೂರರ ಗುಂಪು ಎರಡು, ಕೀ-ಎಯ ಜೋಡಿ ಒಂದು, ಕೀ-ಡಬ್ಲ್ಯು ಎರಡು.

ಇಲ್ಲೂ ಒಂದು ಗಂಭೀರ ಆಕ್ಷೇಪವಿದೆ. ಹೇಝಲ್‌ಬಾವರ್ ಅವರ ಪ್ರಯೋಗಾಲಯ ಪೊರೆಯ ಪುಟಾಣಿ ಬಿಲ್ಲೆಗಳಲ್ಲಿ ಕೆಲವೇ ಗ್ರಾಹಕಗಳನ್ನು ಕೂರಿಸಿ, ಆ ಚಿಕ್ಕ ಘಟಕವೊಂದೇ ಕೀ-ಎಯನ್ನು ಚುರುಕುಗೊಳಿಸಬಲ್ಲದು, ರಾಸಾಯನಿಕ ಬಂದಾಗ ನಿಲ್ಲಿಸಲೂ ಬಲ್ಲದು ಎಂದು 2011ರಲ್ಲಿ ತೋರಿಸಿತು. ಹಾಗಿದ್ದರೆ ಜಾಲ ಕೇವಲ ಗ್ರಾಹಕಗಳನ್ನು ಜೋಡಿಸಿಡುವ ವ್ಯವಸ್ಥೆ, ಸಂವೇದನೆಗೆ ಅದರ ಹಂಗಿಲ್ಲ ಎನ್ನಬಹುದಲ್ಲ? ಚಾಲೂ ಮಾಡುವುದಕ್ಕೆ ಜಾಲ ಬೇಡ ಎಂಬುದು ನಿಜ, ಸೂಕ್ಷ್ಮತೆಗೆ ಬೇಕು. ವಿಕ್ಟರ್ ಸೂರ್ಜಿಕ್ ಮತ್ತು ಬರ್ಗ್ 2002ರಲ್ಲಿ ಜೀವಂತ ಕೋಶಗಳಲ್ಲಿ ಹೊಳೆಯುವ ಪ್ರೋಟೀನುಗಳನ್ನು ಬಳಸಿ ಅಳೆದಾಗ, ಗ್ರಾಹಕಗಳ ಭರ್ತಿಯಲ್ಲಾದ ಅಲ್ಪ ಬದಲಾವಣೆ ಕೈನೇಸ್ ಮಟ್ಟದಲ್ಲಿ ಸುಮಾರು 35 ಪಟ್ಟು ಹಿಗ್ಗಿ ಕಾಣಿಸಿತು. ನೆರೆಯ ಗ್ರಾಹಕಗಳು ಒಂದರ ಸ್ಥಿತಿಯನ್ನು ಇನ್ನೊಂದಕ್ಕೆ ಹರಡಿದರೆ ಹೀಗಾಗಬಹುದೆಂದು ಡೆನಿಸ್ ಬ್ರೇ ಮತ್ತು ಸಂಗಡಿಗರು 1998ರಲ್ಲೇ ಲೆಕ್ಕದ ಮೂಲಕ ಸೂಚಿಸಿದ್ದರು. 2016ರಲ್ಲಿ ಪಾರ್ಕಿನ್‌ಸನ್ ಮತ್ತು ಆ್ಯಡಿ ವಾಕ್ನಿನ್ ಅವರ ಗುಂಪುಗಳು ಘಟಕಗಳನ್ನು ಹಾಗೇ ಉಳಿಸಿ, ಅವುಗಳನ್ನು ಜಾಲವಾಗಿಸುವ ಕೀ-ಎ ಮತ್ತು ಕೀ-ಡಬ್ಲ್ಯು ಸಂಧಿಯನ್ನಷ್ಟೇ ಕೆಡಿಸಿದಾಗ ಕೈನೇಸ್ ಕೆಲಸ ಮಾಡುತ್ತಲೇ ಇತ್ತು, ಒಗ್ಗಟ್ಟಿನ ಪ್ರತಿಕ್ರಿಯೆ ಮಾತ್ರ ಕುಸಿಯಿತು. ಮರುವರ್ಷ ಒಂಟಿ ಕೋಶಗಳಲ್ಲಿ ಅಳೆದವರಿಗೆ, ಮೀಥೈಲ್ ಕಿಣ್ವಗಳಿಲ್ಲದ ಕೆಲವು ಕೋಶಗಳ ಕೈನೇಸ್ ಚಟುವಟಿಕೆ ಎರಡು ಮಟ್ಟಗಳ ನಡುವೆ ತಾನಾಗಿ ಜಿಗಿಯುವುದು ಕಂಡಿತು. ಗ್ರಾಹಕಗಳ ದೊಡ್ಡ ಸಮೂಹವೇ ಒಟ್ಟಾಗಿ ಪಕ್ಷ ಬದಲಿಸುತ್ತಿತ್ತು. ತಕ್ಕಡಿ ಸಮಸ್ಥಿತಿಯ ಅಂಚಿನಲ್ಲಿರುವುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಈ. ಕೋಲೈ ಒಂದು ವಿಶೇಷ ಪ್ರಕರಣ, ಅದರಿಂದ ಬ್ಯಾಕ್ಟೀರಿಯ ಲೋಕದ ಬಗ್ಗೆ ತೀರ್ಪು ಕೊಡಬಾರದು ಎಂಬ ಎಚ್ಚರಿಕೆಗೂ ಬೆಲೆಯಿದೆ. ಐದೇ ಗ್ರಾಹಕಗಳಿಂದ ಬಾಳುವ ಈ. ಕೋಲೈ ಎಲ್ಲಿ, 40ಕ್ಕೂ ಹೆಚ್ಚು ಗ್ರಾಹಕ ಜೀನ್‌ಗಳಿರುವ ಕಾಲರಾ ರೋಗಾಣು ಎಲ್ಲಿ! ಏರ್ ಗ್ರಾಹಕಕ್ಕೆ ಹೊರಭಾಗವೇ ಇಲ್ಲ. ಕೋಶದೊಳಗೆ ಎಫ್‌ಎಡಿ ಎಂಬ ಸಹಕಿಣ್ವವನ್ನು ಹಿಡಿದು ಅದು ಆಮ್ಲಜನಕದ ಸುದ್ದಿ ತಿಳಿಯುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಂತೂ ಹಿತವಾದ ವಸ್ತು ಕೈನೇಸನ್ನು ತಗ್ಗಿಸುವ ಬದಲು ಏರಿಸುತ್ತದೆ. ಆದರೆ ವೈವಿಧ್ಯ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ನೋಡಬೇಕು. ರಾಜರ್ ಅಲೆಕ್ಸಾಂಡರ್ ಮತ್ತು ಇಗೊರ್ ಝೂಲಿನ್ 2007ರಲ್ಲಿ ನೂರಾರು ಜಾತಿಗಳ ಗ್ರಾಹಕ ಅನುಕ್ರಮಗಳನ್ನು ಹೋಲಿಸಿ ಒಳಗಿನ ಕಡ್ಡಿಯ ಉದ್ದದ ಮೇಲೆ ಏಳು ಮುಖ್ಯ ವರ್ಗಗಳನ್ನು ಗುರುತಿಸಿದರು. ವಿಕಾಸದ ಹಾದಿಯಲ್ಲಿ ಕಡ್ಡಿ ಉದ್ದವಾದಾಗ, ಗಿಡ್ಡವಾದಾಗ, ಇಳಿಯುವ ಸುರುಳಿಯಲ್ಲೂ ಏರುವ ಸುರುಳಿಯಲ್ಲೂ ಸಮನಾದ ತುಂಡುಗಳು, ಅದೂ ಏಳರ ಗುಣಕಗಳಲ್ಲಿ, ಸೇರಿವೆ ಅಥವಾ ಬಿಟ್ಟುಹೋಗಿವೆ. ಸುರುಳಿಗಳ ಒತ್ತುಜೋಡಣೆ ಕೆಡದಂತೆ ಕೋಟಿಗಟ್ಟಲೆ ವರ್ಷ ಕಾಯ್ದುಕೊಂಡಿರುವುದಕ್ಕೆ ಕಾರಣ ಆ ಜೋಡಣೆಯ ಬಿಗಿತವೇ ಸಂಕೇತ ಎಂಬುದಲ್ಲದೆ ಬೇರೇನು? ಅರಿಯಾನೆ ಬ್ರೀಗಲ್ ಮತ್ತು ಗ್ರಾಂಟ್ ಜೆನ್ಸನ್ ಅವರ ಗುಂಪು 2009ರಲ್ಲಿ ಪರೀಕ್ಷಿಸಿದ 13 ಜಾತಿಗಳಲ್ಲೂ ಅದೇ 12 ನ್ಯಾನೊಮೀಟರ್ ಷಟ್ಕೋನ ಕಂಡುಬಂತು. ಬಾಯಿ ಬೇರೆ ಬೇರೆ, ಬೆನ್ನೆಲುಬು ಒಂದೇ.

ತುಂಡು ತುಂಡಾಗಿ ತೆಗೆದ ಸ್ಫಟಿಕಗಳನ್ನು ಒಂದಕ್ಕೊಂದು ಅಂಟಿಸಿ ಇಡೀ ಗ್ರಾಹಕದ ಕಥೆ ಕಟ್ಟಲಾಗಿದೆ ಎಂಬ ಟೀಕೆ ಕೊನೆಯದು. ಟಾರ್‌ನ ಹೊರಭಾಗ, ಬೇರೊಂದು ಜೀವಿಯ ಹ್ಯಾಂಪ್, ಟಿಎಸ್‌ಆರ್‌ನ ಒಳಭಾಗ: ಇವನ್ನು ಸೇರಿಸುವುದು ಸಾಹಸವೇ. ಆದರೆ ಇಂಥ ಜೋಡಣೆಯನ್ನು ಕೋಶವೇ ಒಪ್ಪುತ್ತದೆಂದು ತೋರಿಸುವ ಪ್ರಯೋಗಗಳಿವೆ. ಮಸಾಯೊರಿ ಇನೊವ್ಯೆ ಅವರ ಗುಂಪು 1989ರಲ್ಲಿ ಟಾರ್‌ನ ಹೊರಭಾಗವನ್ನು ಎನ್ವ್‌ಝಡ್ ಎಂಬ ಕೈನೇಸಿನ ಒಳಭಾಗಕ್ಕೆ ಬೆಸೆದಾಗ, ಆಸ್ಪಾರ್ಟೇಟ್ ಹಾಕಿದರೆ ಈ. ಕೋಲೈಯ ಹೊರಪೊರೆಯ ಪ್ರೋಟೀನಿನ ಜೀನ್ ಚಾಲೂ ಆಯಿತು. ತಿರುವು ಮುರುವಾಗಿ, ನೈಟ್ರೇಟ್ ಗುರುತಿಸುವ ನಾರ್‌ಎಕ್ಸ್ ಪ್ರೋಟೀನಿನ ಹೊರಭಾಗಕ್ಕೆ ಟಾರ್‌ನ ಒಳಭಾಗ ಸೇರಿಸಿದ ಮ್ಯಾನ್ಸನ್ ಗುಂಪಿನ ಬ್ಯಾಕ್ಟೀರಿಯ ನೈಟ್ರೇಟಿನಿಂದ ದೂರ ಸರಿಯಿತು. ಪರಸ್ಪರ ಪರಿಚಯವೇ ಇಲ್ಲದ ಭಾಗಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಕೂಡಿಕೊಳ್ಳುವುದಾದರೆ ಅವುಗಳ ನಡುವೆ ಹರಿಯುವ ಸಂಕೇತ ಯಾವುದೇ ಒಂದು ಪ್ರೋಟೀನಿನ ಖಾಸಗಿ ಆಕಾರವಾಗಿರಲಾರದು. 2020ರಲ್ಲಿ ಫ್ರಾನ್ಸಿನ ಸಂಶೋಧಕರು ಈ. ಕೋಲೈಯ ಪುಟ್ಟ ಕೋಶಗಳಲ್ಲಿ ಹೊರತುದಿಯಿಂದ ಕೈನೇಸಿನವರೆಗೆ ಇಡೀ ಘಟಕದ ಚಿತ್ರವನ್ನು ಎಲೆಕ್ಟ್ರಾನ್ ಟೊಮೊಗ್ರಫಿಯಿಂದ ಪಡೆದರು. ತುಂಡುಗಳ ಸ್ಫಟಿಕ ರಚನೆಗಳಿಂದ ಕಟ್ಟಿದ ಮಾದರಿ ಅದರಲ್ಲಿ ಸರಿಯಾಗಿ ಕೂತಿತು.